ನಮ್ಮ ಕಾರಿನ ಬಣ್ಣ

ನಮ್ಮ ಮನೆಯಲ್ಲಿ ಒಂದು ಮಾರುತಿ 800 ಕಾರು ಉಂಟು. 2003ನೆಯ ಇಸವಿಯ ಯುಗಾದಿಗೆ ಹದಿನೈದು ದಿನ ಮುಂಚೆ ಕೊಂಡದ್ದು. ಕೊಂಡಾಗ ಅದರ ಬಣ್ಣವು ಕೆಂಪಾಗಿತ್ತು. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಳೆದ ಬೇಸಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ನೆಂಟರ ಮಗುವೊಂದು ಅಂಗಳದಲ್ಲಿ ನಿಂತು, “ತಾತ, ನಿಮ್ಮ ರೋಜಾ ಬಣ್ಣದ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿ” ಎಂದು ಕೇಳಿತು. ಮಗುವಿಗೆ ಕಣ್ಣು ಸರಿಯಿಲ್ಲವೆಂದು ಭಾವಿಸಿದೆವು. ಅದು ಊರಿಗೆ ಹೋದ ಮೇಲೆ ಕಾರಿನ ಮುಂದೆ ನಿಂತು ಚೆನ್ನಾಗಿ ನೋಡಿದೆವು. ಮಗುವಿನ ಕಣ್ಣು ಸರಿಯಾಗಿಯೇ ಇತ್ತು.

ಮುಂದಿನ ಬಾನೆಟ್ಟು, ಮೇಲಿನ ಛಾವಣಿ, ಇವೆರಡೂ ಮಾಸಿ ಬಿಳಿಚಿಕೊಂಡು, ಒಗೆದೊಗೆದು ಹಳತಾದ ರವಿಕೆಯ ಬಟ್ಟೆಯಂತಾಗಿದ್ದುವು. ಬೆರಳಿನಿಂದ ತೀಡಿದರೆ ಕಪ್ಪುಹಲಗೆಯ ಸೀಮೆಸುಣ್ಣದ ಹಾಗೆ ಪುಡಿ ಅಂಟುತ್ತಿತ್ತು. ಬಾಗಿಲುಗಳ ಕೆಳಭಾಗದಲ್ಲಿ ಮಾತ್ರ ಹಳೆಯ ಕೆಂಪಿನ ನೆನಪು ಉಳಿದಿತ್ತು. ದಿನವೂ ನೋಡುವ ಮುಖದಲ್ಲಿ ಮುಪ್ಪು ಕಾಣುವುದಿಲ್ಲವಷ್ಟೆ. ಹಾಗೆಯೇ ಇದೂ ನಮಗೆ ಕಂಡಿರಲಿಲ್ಲ.

ನಾವು ಮೈಸೂರಿನಿಂದ 24 ಕಿಲೋಮೀಟರು ದೂರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತದ ಪಾಠ ಹೇಳುತ್ತಿದ್ದು, ಕಳೆದ ವರ್ಷ ನಿವೃತ್ತರಾದೆವು. ಇಪ್ಪತ್ತೆರಡು ವರ್ಷ ಈ ಕಾರೇ ನಮ್ಮನ್ನು ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂದಿತು. ಇದುವರೆಗೆ ಅದು ಓಡಿದ ದೂರ 2,68,000 ಕಿಲೋಮೀಟರನ್ನು ಮೀರಿದೆ. ಈ ಜಾತಿಯ ಕಾರು ಮೊದಲು ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಅದರ ತಯಾರಿಕೆ ನಿಂತುಹೋದದ್ದು 2014ರಲ್ಲಿ. ಹುಟ್ಟಿಸಿದವರೇ ಕೈಬಿಟ್ಟ ಮೇಲೂ ನಮ್ಮದು ಓಡುತ್ತಲೇ ಇದೆ. ಹದಿನೈದು ವರ್ಷ ತುಂಬಿದಾಗ 2018ರಲ್ಲೊಮ್ಮೆ, ಐದು ವರ್ಷ ಕಳೆದು 2023ರಲ್ಲೊಮ್ಮೆ, ಸಾರಿಗೆ ಕಛೇರಿಯಲ್ಲಿ ಪರೀಕ್ಷೆಗೆ ನಿಂತು ತೇರ್ಗಡೆಯಾಗಿ ಬಂದಿತು. ನಮ್ಮ ಶಿಷ್ಯರಲ್ಲಿ ಎಲ್ಲರ ವಿಷಯದಲ್ಲಿಯೂ ಈ ಮಾತನ್ನು ಹೇಳಲಾರೆವು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು, “ಅಪ್ಪಾ, ಅದನ್ನು ಗುಜರಿಗೆ ಕೊಟ್ಟುಬಿಡಿ, ಹೊಸದನ್ನು ನಾನು ಕೊಡಿಸುತ್ತೇನೆ” ಎಂದು ಹಬ್ಬಕ್ಕೊಮ್ಮೆ ಹೇಳುವನು. ಎಂಜಿನ್ನು ನೋಡುವ ಮೇಸ್ತ್ರಿಯೋ ಎಂಜಿನ್ನು ಇನ್ನೂ ಗಟ್ಟಿಯಾಗಿದೆಯೆನ್ನುವನು. ಒಳಗು ಗಟ್ಟಿಯಾಗಿದ್ದು ಹೊರಗು ಮಾಸಿತೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದಾದರೆ, ನಿವೃತ್ತರಾದವರೆಲ್ಲರೂ ಎಚ್ಚರಿಕೆಯಿಂದಿರಬೇಕಾದೀತು. ಆದಕಾರಣ ಬಣ್ಣವನ್ನು ಸರಿಮಾಡಿಸುವುದೆಂದು ನಿಶ್ಚಯಿಸಿದೆವು. ಮೊದಲು ವಿಚಾರಿಸಿದ ದೊಡ್ಡ ಕಾರ್ಖಾನೆಯಲ್ಲಿ, ಹಳೆಯದನ್ನೆಲ್ಲ ಕೆರೆದು ಹೊಸದಾಗಿ ಬಳಿಯಲು 48,000 ರೂಪಾಯಿ ಕೇಳಿದರು. ಕಾರನ್ನೇ ಮಾರಿದರೂ ಅಷ್ಟು ಹುಟ್ಟುವುದಿಲ್ಲ. ಆಗ ನಮ್ಮ ಮೇಸ್ತ್ರಿಯೇ, ವರ್ತುಲ ರಸ್ತೆಯ ಬದಿಯಲ್ಲಿ ತಗಡಿನ ಷೆಡ್ಡು ಹಾಕಿಕೊಂಡಿರುವ ಒಬ್ಬ ಪೇಂಟರನ ಗುರುತು ಹೇಳಿ, “ಅವನು ಬೇಡದ ಕೆಲಸ ಮಾಡೋಲ್ಲ, ಹೋಗಿ” ಎಂದು ಕಳುಹಿಸಿದನು.

ಇಲ್ಲಿ ನಮ್ಮ ಒಂದು ಅಭ್ಯಾಸವನ್ನು ತಿಳಿಸಬೇಕು. ಕಾರು ಬಂದ ದಿನದಿಂದ ಪ್ರತಿದಿನವೂ ಬೆಳಗ್ಗೆ ಐದೂವರೆಗೆ ಎದ್ದು, ಹಳದಿಯ ಒಂದು ಮೆತ್ತನೆಯ ಬಟ್ಟೆಯಿಂದ ಅದರ ಮೈಯನ್ನೆಲ್ಲ ಒರೆಸುತ್ತಿದ್ದೆವು. ನೀರನ್ನು ವ್ಯರ್ಥಮಾಡಬಾರದೆಂದು ಒಣಬಟ್ಟೆಯಲ್ಲಿಯೇ. ಜ್ವರ ಬಂದು ಸ್ನಾನ ತಪ್ಪಿದ ದಿನವುಂಟು, ಇದು ತಪ್ಪಿದ ದಿನವಿಲ್ಲ. ಬೀದಿಯವರು ತಮ್ಮ ಮಕ್ಕಳಿಗೆ ನಮ್ಮನ್ನು ತೋರಿಸಿ, ಶ್ರದ್ಧೆಯೆಂದರೆ ಹೀಗಿರಬೇಕೆಂದು ಹೇಳುತ್ತಿದ್ದುದನ್ನು ಕಿವಿಯಾರ ಕೇಳಿದ್ದೇವೆ. ಕೇಳಿ ಇನ್ನೂ ಸ್ವಲ್ಪ ಬಲವಾಗಿ ಒರೆಸಿದ್ದೇವೆ.

ಮಾಘಮಾಸದ ಒಂದು ಬೆಳಗ್ಗೆ ಷೆಡ್ಡಿಗೆ ಹೋದೆವು. ಮೂವತ್ತನಾಲ್ಕು ಮೂವತ್ತೈದರ ವಯಸ್ಸಿನ ಒಬ್ಬನು ಹೊರಗೆ ಬಂದು, ನಮ್ಮನ್ನು ಒಂದು ಗಳಿಗೆ ನೋಡಿ, “ಬನ್ನಿ ಮೇಷ್ಟ್ರೆ” ಎಂದನು. ನಮಗೆ ಆಶ್ಚರ್ಯವಾಗಲಿಲ್ಲ. ಮೂವತ್ತಾರು ವರ್ಷ ಪಾಠ ಹೇಳಿದವನ ಮುಖದ ಮೇಲೆ ಆ ಕಸುಬು ಅಚ್ಚಾಗಿರುತ್ತದೆ; ತರಕಾರಿ ಮಾರುವವರೂ ನಮ್ಮನ್ನು ಹಾಗೆಯೇ ಕರೆಯುತ್ತಾರೆ.

ಅವನು ಮೊದಲು ಒಂದು ಬಿಳಿಯ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡನ್ನು ಹಚ್ಚಿ ಬಾನೆಟ್ಟಿನ ಮೂಲೆಯಲ್ಲಿ ಉಜ್ಜಿದನು. ಬಟ್ಟೆ ಕೆಂಪಾಯಿತು. ಅದು ಒಳ್ಳೆಯ ಲಕ್ಷಣವಂತೆ. ಇತ್ತೀಚಿನ ಕಾರುಗಳಿಗೆ ಬಣ್ಣದ ಮೇಲೆ ಪಾರದರ್ಶಕವಾದ ಮತ್ತೊಂದು ಲೇಪವಿರುತ್ತದೆ. ಅದು ಸುಲಿದುಹೋದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದಾಗಿಯೇ ಬಳಿಯಬೇಕು. ನಮ್ಮ ಕಾರಿನ ಮೇಲೆ ಅಂತಹ ಲೇಪವಿಲ್ಲದೆ ಬಣ್ಣವೇ ಮೇಲಿನ ಪದರವಾಗಿದ್ದುದರಿಂದ ಬಟ್ಟೆಗೆ ಅಂಟಿತು. ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಟ್ಟ ಅಂಟನ್ನು ವರ್ಷ ವರ್ಷವೂ ಮುರಿಯುತ್ತ ಬರುತ್ತವೆ; ಅಂಟು ಹೋದ ಮೇಲೆ ಬಣ್ಣವು ಬರಿಯ ಪುಡಿಯಾಗಿ ಮೇಲೆ ಕೂತಿರುತ್ತದೆ. ಆ ಸತ್ತ ಪದರವನ್ನು ತೆಗೆದರೆ ಕೆಳಗೆ ಜೀವವಿರುವ ಬಣ್ಣ ಸಿಕ್ಕುತ್ತದೆ, ಸಿಕ್ಕುವಷ್ಟು ಉಳಿದಿದ್ದರೆ.

ಎಷ್ಟು ಉಳಿದಿದೆಯೆಂದು ಅಳೆಯುವುದಕ್ಕೆ ಅವನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರವಿತ್ತು. ತಗಡಿಗೆ ತಾಗಿಸಿದರೆ ಲೇಪದ ದಪ್ಪವನ್ನು ಮೈಕ್ರಾನುಗಳಲ್ಲಿ ತೋರಿಸುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪ ಸುಮಾರು 70. ಕಾರ್ಖಾನೆಯಿಂದ ಬರುವಾಗ ಪದರಗಳೆಲ್ಲ ಸೇರಿ ನೂರರ ಆಸುಪಾಸು ಇರುತ್ತದೆಂದು ಹೇಳಿದನು. ಅಂದರೆ ಇಷ್ಟು ದಿನ ನಾವು ಹೆಮ್ಮೆಯಿಂದ ನೋಡುತ್ತಿದ್ದ ಕೆಂಪು ಒಂದೂವರೆ ಕೂದಲಿನಷ್ಟು! ಬಾನೆಟ್ಟಿನಲ್ಲಿ 86, ಬಲಗಡೆಯ ಬಾಗಿಲುಗಳಲ್ಲಿ 98, 101. ಛಾವಣಿಯಲ್ಲಿ ಎರಡು ಕಡೆ ಕೆಳಗಿನ ಬೂದುಬಣ್ಣದ ಪ್ರೈಮರೇ ಇಣುಕುತ್ತಿತ್ತು. ಎಡಗಡೆಯ ಮುಂಬಾಗಿಲಿಗೆ ತಾಗಿಸಿದಾಗ ಯಂತ್ರವು 270 ಎಂದಿತು. ಅವನು ಮತ್ತೊಮ್ಮೆ ತಾಗಿಸಿ, “ಇದು ಯಾರೋ ಪುಟ್ಟಿ ಹಾಕಿ ಪೇಂಟ್ ಮಾಡಿರೋ ಬಾಗಿಲು” ಎಂದನು. ಎಂದೂ ಮಾಡಿಸಿಲ್ಲವೆಂದು ನಾವು ವಾದಿಸಿದೆವು. ಯಂತ್ರವು ತನ್ನ ಮಾತನ್ನು ಬದಲಿಸಲಿಲ್ಲ. ಆ ಸಂಜೆ ಮಗನಿಗೆ ಟೆಲಿಫೋನು ಮಾಡಿ ಸುಮ್ಮನೆ 270 ಎಂಬ ಅಂಕಿಯನ್ನು ಹೇಳಿ ವಿವರಿಸಿದೆವು. ಬಹಳ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, 2014ರಲ್ಲಿ ಕಾಲೇಜಿನ ಗೇಟಿಗೆ ಉಜ್ಜಿದ್ದು, ಅಮ್ಮನಿಂದ ಹಣ ತೆಗೆದುಕೊಂಡು ನಾವು ಮೌಲ್ಯಮಾಪನಕ್ಕೆ ಹೋಗಿದ್ದ ಎರಡು ದಿನಗಳಲ್ಲಿ ಸರಿಮಾಡಿಸಿದ್ದು, ಎಲ್ಲವೂ ಹೊರಬಂದಿತು. ನಮ್ಮ ಮನೆಯವರು ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿ ಜೋಡಿಸುತ್ತಿದ್ದರು.

ಇದು ನಗುವ ವಿಷಯ. ನಗಲಾಗದ ವಿಷಯವೂ ಆ ಬೆಳಗ್ಗೆಯೇ ಆಯಿತು. ಅವನು ಷೆಡ್ಡಿನ ಬಾಗಿಲನ್ನು ಮುಂದೆಮಾಡಿ, ಕೈದೀಪವೊಂದನ್ನು ಹೊತ್ತಿಸಿ ಬಾನೆಟ್ಟಿನ ಮೇಲೆ ಓರೆಯಾಗಿ ಹಿಡಿದನು. ದೀಪದ ಬಿಂಬದ ಸುತ್ತ ಸಾವಿರಾರು ನವುರಾದ ಗೀರುಗಳು ಜೇಡರ ಬಲೆಯಂತೆ ಹೊಳೆದುವು. ದೀಪವನ್ನು ಸರಿಸಿದಲ್ಲೆಲ್ಲ ಬಲೆಯೂ ಸರಿಯಿತು.

“ದಿನಾ ಯಾರು ಒರೆಸ್ತಾರೆ ಮೇಷ್ಟ್ರೆ ಇದನ್ನ?”

ನಾವು ಅಭಿಮಾನದಿಂದಲೇ ನಮ್ಮ ಹೆಸರನ್ನು ಹೇಳಿದೆವು.

“ಒಣಬಟ್ಟೇಲಾ?”

ಹೌದೆಂದೆವು. ಅವನು ದೀಪವನ್ನು ಆರಿಸಿ, ಕಾರಿನ ಮೇಲೆ ಕೂತ ಧೂಳೆಂದರೆ ನುಣ್ಣನೆಯ ಮರಳೇ ಎಂದೂ, ಮರಳು ಬಣ್ಣಕ್ಕಿಂತ ಗಟ್ಟಿಯೆಂದೂ, ಬಟ್ಟೆ ಎಷ್ಟು ಮೆತ್ತಗಿದ್ದರೂ ಅದರ ಕೆಳಗೆ ಮರಳು ಉರುಳುತ್ತದೆಂದೂ ಬಹಳ ಮೃದುವಾಗಿ ಹೇಳಿದನು. ಬಣ್ಣ ಮಾಸಿದ್ದು ಬಿಸಿಲಿನಿಂದ. ಈ ಬಲೆ ಮಾತ್ರ ನೇಯಲ್ಪಟ್ಟದ್ದು ಹಳದಿ ಬಟ್ಟೆಯಿಂದ. ಕಾರು ಕೊಂಡ ಒಂದೆರಡು ವರ್ಷಗಳಲ್ಲಿಯೇ ಅದು ಕಾಣಿಸಿಕೊಂಡಿರಬೇಕೆಂದನು. ಕಾಣಿಸಿಕೊಂಡಿತ್ತು. ಅದು ನಮಗೆ ಆ ಕ್ಷಣದಲ್ಲಿ ನೆನಪಾಯಿತು.

2005ನೆಯ ಇಸವಿ. ಶಾಲೆಯ ಹೊಂಗೆಮರದ ಕೆಳಗೆ ನಿಂತಿದ್ದ ಕಾರಿನ ಬಾನೆಟ್ಟಿನ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದು ಇದೇ ಬಲೆ ನಮ್ಮ ಕಣ್ಣಿಗೆ ಕಂಡಿತ್ತು. ಹೊಸ ಕಾರು, ಸಂಬಳದಲ್ಲಿ ಸಾಲದ ಕಂತು ಹೋಗುತ್ತಿದ್ದ ಕಾಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ಬಿಡುವಿನ ವೇಳೆಯಲ್ಲಿ ಕಾರನ್ನು ಮುಟ್ಟಿ ಮುಟ್ಟಿ ನೋಡುವುದನ್ನೂ, ಅಂಗಿಯ ತೋಳಿನಿಂದ ಅದರ ಧೂಳು ಒರೆಸುವುದನ್ನೂ ಹಿಂದೆ ಕಂಡಿದ್ದೆವು. ಅವನನ್ನೇ ಎಬ್ಬಿಸಿ ನಿಲ್ಲಿಸಿ, ಗೀಚಿದವನು ನೀನೇ ಎಂದೆವು. ಅವನು ಅಲ್ಲವೆಂದನು. ಸುಳ್ಳು ಬೇರೆ ಹೇಳುವೆಯಾ ಎಂದು, ಇಡೀ ತರಗತಿಯ ಮುಂದೆ ಅವನ ಮನೆತನಕ್ಕೂ ತಗಲುವ ಒಂದು ಮಾತನ್ನಾಡಿ ಹೊರಗೆ ನಿಲ್ಲಿಸಿದೆವು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ದಸರೆಯ ರಜೆ ಮುಗಿದ ಮೇಲೆ ಹುಡುಗನು ಶಾಲೆಗೆ ಬರಲಿಲ್ಲ. ಹಳ್ಳಿಯ ಶಾಲೆಗಳಲ್ಲಿ ಹೀಗೆ ಬಿಟ್ಟುಹೋಗುವವರು ಪ್ರತಿವರ್ಷವೂ ಇರುತ್ತಾರಾದ್ದರಿಂದ ಹಾಜರಿಯ ಪುಸ್ತಕದಲ್ಲಿ ಒಂದು ಗೆರೆ ಎಳೆದೆವು. ಅವನ ಮುಖವೂ ಹೆಸರೂ ಮರೆತುಹೋಗಿದ್ದುವು. ಆ ರಾತ್ರಿ ಅವೆರಡನ್ನೂ ನೆನಪಿಗೆ ತಂದುಕೊಳ್ಳಲು ಬಹಳ ಹೊತ್ತು ಪ್ರಯತ್ನಪಟ್ಟೆವು, ಬರಲಿಲ್ಲ.

ಮರುದಿನದಿಂದ ಕೆಲಸ ಮೊದಲಾಯಿತು. ನಿವೃತ್ತರಿಗೆ ಬೇರೆ ಕಾರ್ಯವೇನು? ದಿನವೂ ಬಸ್ಸಿನಲ್ಲಿ ಹೋಗಿ ಒಂದು ಸ್ಟೂಲಿನ ಮೇಲೆ ಕುಳಿತು ನೋಡಿದೆವು. ಮೊದಲು ಸೋಪಿನ ನೀರಿನ ಒಂದು ಬಕೆಟ್ಟು, ಬಟ್ಟೆಯನ್ನು ಜಾಲಿಸಲು ಬರಿನೀರಿನ ಇನ್ನೊಂದು ಬಕೆಟ್ಟು ಇಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆದನು. ಡಾಂಬರಿನ ಚುಕ್ಕೆಗಳಿಗೆ ಸೀಮೆಎಣ್ಣೆ. ಆಮೇಲೆ ನಮ್ಮ ಕೈಗೊಂದು ಪ್ಲಾಸ್ಟಿಕ್ಕಿನ ಚೀಲವನ್ನು ತೊಡಿಸಿ ಬಾಗಿಲನ್ನು ಸವರಲು ಹೇಳಿದನು. ಬರಿಗೈಗೆ ನುಣುಪಾಗಿದ್ದ ಬಾಗಿಲು ಚೀಲದೊಳಗಿನ ಕೈಗೆ ರವೆ ಚೆಲ್ಲಿದ ಹಲಗೆಯಂತಿತ್ತು! ತೊಳೆದರೂ ಹೋಗದೆ ಬಣ್ಣದೊಳಗೆ ನಾಟಿಕೊಂಡ ಕೊಳೆ ಅದು. ಜೇಡಿಮಣ್ಣಿನಂತಹ ಒಂದು ಮುದ್ದೆಯನ್ನು ಸೋಪಿನ ನೀರಿನ ಮೇಲೆ ಜಾರಿಸುತ್ತ ಹೋದರೆ ಆ ರವೆಯನ್ನೆಲ್ಲ ಅದು ಕಿತ್ತುಕೊಂಡು ಬರುತ್ತದೆ. ಮುದ್ದೆಯು ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಬಳಸತಕ್ಕದ್ದಲ್ಲ, ಬಿಸಾಡಬೇಕು.

ರಬ್ಬರು ಪಟ್ಟಿಗಳಿಗೂ ತಗಡಿನ ಏಣುಗಳಿಗೂ ಟೇಪು ಅಂಟಿಸಿದನು. ಏಣಿನ ಮೇಲೆ ಬಣ್ಣವು ತೀರ ತೆಳುವಾಗಿರುವುದರಿಂದ ಯಂತ್ರ ಅಲ್ಲಿ ಒಂದು ಸುತ್ತು ಹೆಚ್ಚಾಗಿ ತಿರುಗಿದರೂ ತಗಡೇ ಕಂಡೀತು. ಬಾನೆಟ್ಟಿನ ಮೇಲೆ ಮೊಳದಗಲದ ಒಂದು ಚೌಕದಲ್ಲಿ ಮಾತ್ರ ಮೊದಲು ಪರೀಕ್ಷೆ. ಅತಿ ಮೆದುವಾದ ಮದ್ದಿನಿಂದ ಪ್ರಾರಂಭ. ಅದು ಸಾಲದಿದ್ದರೆ ಮಾತ್ರ ಒಂದು ಮೆಟ್ಟಲು ಖಾರವಾದದ್ದು. ಒಂದು ಸಲ ಉಜ್ಜಿದರೆ ಎರಡು ಮೂರು ಮೈಕ್ರಾನು ಹೋಗಿಯೇ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಆದಕಾರಣ ಗೀರುಗಳನ್ನೆಲ್ಲ ಅಳಿಸುವ ಹಟ ಕೂಡದೆಂದು ಅವನ ಉಸ್ತಾದರು ಕಲಿಸಿದ್ದರಂತೆ. ಆ ಚೌಕ ಮುಗಿದು ಬಟ್ಟೆಯಿಂದ ಒರೆಸಿದಾಗ ಒಳಗಿನಿಂದ ಕೆಂಪು ಎದ್ದುಬಂದಿತು. ಸುತ್ತ ರೋಜಾ, ನಡುವೆ ದಾಸವಾಳ. ನಾವು ಸ್ಟೂಲಿನಿಂದ ಎದ್ದುನಿಂತೆವು.

ಸಂಸ್ಕೃತದಲ್ಲಿ ‘ರಾಗ’ವೆಂದರೆ ಬಣ್ಣ, ವಿಶೇಷವಾಗಿ ಕೆಂಪು; ಪ್ರೀತಿಯೂ ರಾಗವೇ. ಬಣ್ಣ ಬಿಟ್ಟದ್ದೂ ಆಸೆ ಬಿಟ್ಟದ್ದೂ ಎರಡೂ ವಿರಾಗ. ಹತ್ತು ವರ್ಷಗಳಿಂದ ನಮ್ಮ ಅಂಗಳದಲ್ಲಿ ವಿರಾಗಿಯಾಗಿ ನಿಂತಿದ್ದ ಕಾರು ಮತ್ತೆ ಸಂಸಾರಕ್ಕೆ ಬರುವ ಲಕ್ಷಣ ಕಂಡಿತು.

ಮೂರನೆಯ ದಿನ ಬಲಗಡೆಯ ಬಾಗಿಲುಗಳ ಕೆಲಸ. ಯಂತ್ರದ ಸದ್ದಿನ ನಡುವೆ ಅವನು ತುಟಿ ಆಡಿಸುತ್ತಿದ್ದನು. ಹಾಡಿರಬೇಕೆಂದುಕೊಂಡೆವು. ಒಂದು ಚೌಕ ಮುಗಿಯುತ್ತಲೇ ನಿಲ್ಲಿಸುವನು, ಮತ್ತೆ ಮೊದಲಿನಿಂದ ಹೇಳುವನು. ಹತ್ತಿರ ಹೋಗಿ ಕಿವಿಗೊಟ್ಟರೆ, ರಾಮಶಬ್ದ! ಪ್ರಥಮಾ ವಿಭಕ್ತಿಯಿಂದ ಹಿಡಿದು ಕ್ರಮವಾಗಿ ಹೇಳಿಕೊಂಡು ಹೋಗುತ್ತಿದ್ದನು. ಒಂದು ರಾಮಶಬ್ದ ಮುಗಿಯುವಷ್ಟರಲ್ಲಿ ಒಂದು ಚೌಕದ ಮೇಲೆ ಯಂತ್ರವು ಒಂದು ಸಲ ಹೋಗಿ ಬರುತ್ತಿತ್ತು. ಷಷ್ಠೀ ಬಹುವಚನದಲ್ಲಿ ‘ರಾಮಾನಾಂ’ ಎಂದನು. ನಮ್ಮ ಬಾಯಿಂದ ತಡೆಯಲಾರದೆ ‘ರಾಮಾಣಾಂ’ ಎಂದು ಹೊರಟಿತು. ರೇಫದ ಪ್ರಭಾವದಿಂದ ಅಲ್ಲಿ ನಕಾರವು ಣಕಾರವಾಗಬೇಕೆಂದು ಹೇಳಲೂ ಬಾಯಿ ತೆರೆದಿದ್ದೆವು. ಅಷ್ಟರಲ್ಲಿ ಮೂರನೆಯ ಸಾಲಿನ ಕಿಟಕಿಯ ಪಕ್ಕದಲ್ಲಿ ಕುಳಿತು, ವರ್ಷವೆಲ್ಲ ತಿದ್ದಿದರೂ ಇದೊಂದೇ ತಪ್ಪನ್ನು ಬಿಡದೆ ಹೇಳುತ್ತಿದ್ದ ಒಂದು ಧ್ವನಿ ನೆನಪಾಯಿತು. ಧ್ವನಿಯ ಹಿಂದೆಯೇ ಮುಖವೂ ಬಂದಿತು, ಹೆಸರೂ ಬಂದಿತು.

ಅವನು ಯಂತ್ರವನ್ನು ನಿಲ್ಲಿಸಿ ನಕ್ಕು, “ಆವತ್ತೂ ಅದೇ ತಪ್ಪು, ಇವತ್ತೂ ಅದೇ ತಪ್ಪು, ಅಲ್ವಾ ಮೇಷ್ಟ್ರೆ” ಎಂದನು. ಮೊದಲ ದಿನವೇ ಗುರುತು ಹಿಡಿದಿದ್ದನು. ಕಾರನ್ನು ಮೊದಲು, ಆಮೇಲೆ ನಮ್ಮನ್ನು.

ಆ ದಿನ ನಾವು ಆಡಬೇಕಾಗಿದ್ದ ಮಾತನ್ನು ಆಡಲಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದೆವು. ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆವು. ಅವರು ಅಕ್ಕಿ ಆರಿಸುತ್ತ ಕೇಳಿ, “ನಾಳೆ ಹೋಗಿ ಹೇಳಿಬಿಡಿ. ನಿಮಗೆ ಹೇಳಲು ಆಗದಿದ್ದರೆ ನಾನು ಬರುತ್ತೇನೆ” ಎಂದರು.

ನಾಲ್ಕನೆಯ ದಿನ ಛಾವಣಿಯ ಕೆಲಸವಿತ್ತು. ಪ್ರೈಮರು ಕಂಡ ಮೇಲೆ ಉಜ್ಜುವುದು ನಿಷ್ಪ್ರಯೋಜಕವಾದ್ದರಿಂದ ಅದನ್ನು ಹೊಸದಾಗಿಯೇ ಬಳಿಯಬೇಕಾಗಿತ್ತು. ಬಣ್ಣದ ಹೊಂದಿಕೆಗೆ ಅವನು ಪೆಟ್ರೋಲು ತುಂಬುವ ಮುಚ್ಚಳದ ಒಳಗಡೆಯನ್ನು ನೋಡಿದನು. ಇಪ್ಪತ್ತೆರಡು ವರ್ಷ ಬಿಸಿಲು ಕಾಣದ ಆ ಅಂಗೈಯಗಲದ ತಗಡಿನಲ್ಲಿ ಕಾರು ಕೊಂಡ ದಿನದ ಕೆಂಪು ಹಾಗೆಯೇ ಇತ್ತು. ಆದರೆ ಅದನ್ನೂ ಪೂರ್ಣವಾಗಿ ನಂಬದೆ, ಉಜ್ಜಿ ಹೊಳಪು ಬಂದ ಬಾಗಿಲಿನ ಪಕ್ಕದಲ್ಲಿ ತುಂಡು ತಗಡಿಗೆ ಹೊಡೆದು ಹೊಡೆದು ನೋಡಿ, ಎರಡರ ನಡುವಿನ ಒಂದು ಕೆಂಪನ್ನು ಬೆರೆಸಿದನು. ನೀರಿನಲ್ಲಿ ಅದ್ದಿದ ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರು ಹೊಡೆದು, ಮತ್ತೆ ಉಜ್ಜಿ, ಗಾಳಿ ಏಳುವ ಮುಂಚೆ ಪ್ಲಾಸ್ಟಿಕ್ ಹಾಳೆಯ ಮಂಟಪದೊಳಗೆ ಗನ್ನಿನಿಂದ ಬಣ್ಣ ಹೊಡೆದನು. ಆಗ ಮೂಗು ಬಾಯಿ ಮುಚ್ಚುವ ದೊಡ್ಡ ಮುಖವಾಡವನ್ನು ಹಾಕಿಕೊಂಡು, ನಮ್ಮನ್ನು ಹೊರಗೆ ಕಳುಹಿಸಿದನು. ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದ್ದು, ಅದನ್ನು ಉಸಿರಾಡಿದವರಿಗೆ ದಮ್ಮು ಹಿಡಿಯುತ್ತದೆ. ಕರವಸ್ತ್ರ ಕಟ್ಟಿಕೊಂಡೇ ಆಯುಷ್ಯವೆಲ್ಲ ಕೆಲಸಮಾಡಿದ ಅವನ ಉಸ್ತಾದರು ಈಗ ಮಹಡಿಯ ಮೆಟ್ಟಲನ್ನು ಹತ್ತಲಾರರಂತೆ.

ಬಣ್ಣ ಒಣಗುವವರೆಗೂ ಹೊರಗೆ ಕುಳಿತು ಮಾತಾಡಿದೆವು. ಗ್ಯಾರೇಜಿನವರೆಲ್ಲ ಇಂದಿಗೂ ಕಾರಿನ ಬಣ್ಣಕ್ಕೆ ‘ಡ್ಯೂಕೋ’ ಎನ್ನುತ್ತಾರಲ್ಲ, ಅದು 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯವರು ತಂದ ಒಂದು ಲೇಪದ ಹೆಸರು. ಅದಕ್ಕೆ ಮುಂಚೆ ಕುಂಚದಿಂದ ಬಳಿದ ವಾರ್ನಿಷು ಒಣಗಿ ಒಂದು ಕಾರು ಹೊರಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಇದನ್ನು ನಾವು ಅವನಿಗೆ ಹೇಳಿದೆವು. ಬಣ್ಣ ಹಾಕಿದ ವಸ್ತುವಿಗೆ ಹೆಸರಿಡುವ ವಿಷಯದಲ್ಲಿ ಪಾಣಿನಿಯು ಸೂತ್ರಗಳನ್ನೇ ಮಾಡಿದ್ದಾನೆಂದೂ, ಅರಗಿನಿಂದ, ಅಂದರೆ ಲಾಕ್ಷೆಯಿಂದ, ಬಣ್ಣ ಕಟ್ಟಿದ್ದು ‘ಲಾಕ್ಷಿಕ’ವೆಂದೂ ಹೇಳಿದೆವು. ಅವನಿಗೆ ಅರಗು ಎಂದೊಡನೆ ಚನ್ನಪಟ್ಟಣದ ಗೊಂಬೆ ನೆನಪಾಯಿತು. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಕೊಡುವುದನ್ನು ನೋಡಿ ಬಂದಿದ್ದನಂತೆ; “ನಮ್ದೂ ಅದೇ ಕೆಲಸ, ಗರಿ ಬೇರೆ” ಎಂದನು. ಚುನಾವಣೆಯಲ್ಲಿ ಬೆರಳಿಗೆ ಹಾಕುವ ಅಳಿಸಲಾಗದ ಶಾಯಿಯನ್ನು 1962ರಿಂದ ಮಾಡಿಕೊಡುತ್ತಿರುವ ನಮ್ಮ ಊರಿನ ಕಾರ್ಖಾನೆಯೂ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಹುಟ್ಟಿತೆಂದು ನಾವು ಮುಂದುವರಿಸಿದೆವು. ವಾಚಕರು ಗಮನಿಸಿರಬಹುದು: ನಾವು ಪಾಠ ಹೇಳುತ್ತಿದ್ದೆವು. ಆಡಬೇಕಾದ ಮಾತನ್ನು ತಪ್ಪಿಸಿಕೊಳ್ಳಲು ಮೇಷ್ಟ್ರಿಗೆ ಪಾಠದಂತಹ ಅಡಗುತಾಣ ಮತ್ತೊಂದಿಲ್ಲ.

ಕಡೆಗೆ ಹೇಳಿದೆವು. ಬಾನೆಟ್ಟಿನ ಗೀರು ನಮ್ಮ ಕೈಯದೇ ಎಂದೂ, ಅವನ ಮೇಲೆ ಹೊರಿಸಿದ್ದು ಅನ್ಯಾಯವೆಂದೂ, ಆ ದಿನದ ಮಾತು ಯಾರೂ ಯಾರಿಗೂ ಆಡತಕ್ಕದ್ದಲ್ಲವೆಂದೂ, ಕ್ಷಮಿಸಬೇಕೆಂದೂ.

ಅವನು ಬಹಳ ಹೊತ್ತು ಕೈಗೆ ಅಂಟಿದ ಬಣ್ಣವನ್ನು ತಿಕ್ಕಿ ತೆಗೆಯುತ್ತ ಕುಳಿತನು. ಆಮೇಲೆ ಎದ್ದು ನಮ್ಮನ್ನು ಕಾರಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಡಿಕ್ಕಿಯ ಬಾಗಿಲಿನ ಮೇಲೆ ಒಂದು ಗೇಣಿನಷ್ಟು ಉದ್ದವಾಗಿ ಇದ್ದ ಆಳವಾದ ಗೀರನ್ನು ತೋರಿಸಿದನು. ಅದು ನಮಗೆ ಹಳೆಯ ಪರಿಚಯ. ಬಸ್‌ನಿಲ್ದಾಣದ ಬಳಿ ಯಾರೋ ಸೈಕಲ್ಲಿನವನು ತಗಲಿಸಿದ್ದೆಂದು ಇಷ್ಟು ವರ್ಷ ನಂಬಿದ್ದೆವು.

“ಬಾನೆಟ್ಟು ನಾನಲ್ಲ ಮೇಷ್ಟ್ರೆ. ಇದು ನಾನೇ. ನೀವು ಹೊರಗೆ ನಿಲ್ಲಿಸಿದ್ರಲ್ಲ, ಆಮೇಲೆ. ಕಲ್ಲು ತಗೊಂಡು ಎಳೆದೆ.”

ನಮಗೆ ಏನು ಹೇಳಬೇಕೆಂದು ತೋರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಶಾಲೆ ಬಿಟ್ಟದ್ದು ನಮ್ಮಿಂದಲೋ ಎಂದು ಕೇಳಿದೆವು.

“ಇಲ್ಲ. ಅಪ್ಪ ಮರದಿಂದ ಬಿದ್ದು ಮಂಚ ಹಿಡಿದ್ರು. ಉಸ್ತಾದ್ ಹತ್ರ ಸೇರಿಕೊಂಡೆ.” ಇಷ್ಟು ಹೇಳಿ ಒಳಗೆ ಹೋದವನು ಬಾಗಿಲಿನಲ್ಲಿ ತಿರುಗಿ ನಿಂತು, “ಪೂರ್ತಿ ನಿಮ್ಮಿಂದ ಅಲ್ಲ” ಎಂದನು.

ಮುಂದಿನ ಎರಡು ದಿನ ಅವನು ಆ ಒಂದು ಗೀರಿನ ಮೇಲೆ ಕೆಲಸಮಾಡಿದನು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಗೀರು ಉಜ್ಜಿದರೆ ಹೋಗುವುದಿಲ್ಲ, ಅದನ್ನು ತುಂಬಬೇಕು. ಒಳಗಿನ ಕೊಳೆಯನ್ನೂ ಹಿಂದೊಮ್ಮೆ ನಾವು ಹಚ್ಚಿದ್ದ ಉಗುರುಬಣ್ಣವನ್ನೂ (ಮನೆಯವರ ಡಬ್ಬಿಯಿಂದ ಕದ್ದದ್ದು) ತೆಗೆದು, ಹಲ್ಲುಕಡ್ಡಿಯ ತುದಿಯಿಂದ ಬಣ್ಣವನ್ನು ಹನಿಹನಿಯಾಗಿ ಇಟ್ಟು, ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಾಗ 2000 ನಂಬರಿನ ವಾಟರ್ ಪೇಪರನ್ನು ಸಣ್ಣ ಮರದ ತುಂಡಿಗೆ ಸುತ್ತಿ, ಸೋಪಿನ ನೀರು ಬಿಡುತ್ತ, ಮೇಲೆದ್ದಷ್ಟನ್ನೇ ಸಮಮಾಡಿದನು. ಕೊನೆಗೆ ಎಲ್ಲ ಕಡೆಗೂ ಕಾರ್ನೌಬಾ ಮೇಣ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರವು ಬಿಸಿಲಿನಿಂದ ತನ್ನ ಗರಿಗಳನ್ನು ಕಾಪಾಡಿಕೊಳ್ಳಲು ಸುರಿಸಿಕೊಳ್ಳುವ ಮೇಣ ಅದು. ನಮ್ಮ ಬಿಸಿಲಿಗೆ ಎರಡು ತಿಂಗಳು ಬಾಳಿದರೆ ಹೆಚ್ಚು. ಛಾವಣಿಗೆ ಮಾತ್ರ ಹಚ್ಚಲಿಲ್ಲ. ಹೊಸ ಬಣ್ಣವು ಒಳಗಿನಿಂದ ಪೂರ್ತಿ ಆರುವುದಕ್ಕೆ ಕಾಲ ಬೇಕು, ಅದುವರೆಗೆ ಅದರ ಉಸಿರು ಕಟ್ಟಬಾರದು.

ಲೆಕ್ಕಕ್ಕೆ ಕುಳಿತಾಗ 14,500 ರೂಪಾಯಿ ಎಂದು ಬರೆದು, ಅದರಲ್ಲಿ 1,000 ರೂಪಾಯಿಯನ್ನು ಹೊಡೆದುಹಾಕಿದನು. ಡಿಕ್ಕಿಯ ಕೆಲಸಕ್ಕೆ ಹಣ ಬೇಡವೆಂದನು. ಹಾಗಾದರೆ ಬಾನೆಟ್ಟಿನ ಕೆಲಸಕ್ಕೆ ಎರಡರಷ್ಟು ತೆಗೆದುಕೊಳ್ಳಬೇಕೆಂದು ನಾವು ಹಟ ಹಿಡಿದೆವು. ಅವನೂ ಹಟಮಾರಿ, ಚಿಕ್ಕಂದಿನಲ್ಲಿಯೂ ಹಾಗೆಯೇ. ಬಹಳ ಚರ್ಚೆಯಾಗಿ, 14,500ನ್ನೇ ತೆಗೆದುಕೊಂಡು ನಮಗೆ ಎರಡು ಬಕೆಟ್ಟುಗಳನ್ನೂ ನಾಲ್ಕು ಮೈಕ್ರೋಫೈಬರ್ ಬಟ್ಟೆಗಳನ್ನೂ ಕೊಟ್ಟನು.

ಮನೆಗೆ ಬಂದ ಕಾರನ್ನು ನಮ್ಮ ಮನೆಯವರು ಒಂದು ಸುತ್ತು ಬಂದು ನೋಡಿ, ಎಡಗಡೆಯ ಮುಂಬಾಗಿಲ ಬಳಿ ಮಾತ್ರ ಸ್ವಲ್ಪ ಬೇಗ ನಡೆದರು. ನಡುಹಗಲಿನ ಬಿಸಿಲಿನಲ್ಲಿ ಛಾವಣಿಯು ಬಾಗಿಲಿಗಿಂತ ಒಂದು ಎಳೆ ಹೆಚ್ಚು ಕೆಂಪೆಂದು ತಿಳಿದವರಿಗೆ ತಿಳಿಯುತ್ತದೆ. ಬಾನೆಟ್ಟಿನ ಮೇಲೆ ಆಳವಾದ ಕೆಲವು ಗೀರುಗಳು ಉಳಿದಿವೆ. ಅವನ್ನು ತೆಗೆಯುವಷ್ಟು ಬಣ್ಣ ಉಳಿದಿರಲಿಲ್ಲ. ಡಿಕ್ಕಿಯ ಗೀರು ಎಲ್ಲಿತ್ತೆಂದು ಈಗ ನಮಗೂ ಕೂಡಲೇ ಹೇಳಲಾಗುವುದಿಲ್ಲ, ಕೈಯಿಂದ ಸವರಿ ಹುಡುಕಬೇಕು.

ಐದೂವರೆಗೆ ಎಚ್ಚರವಾಗುವುದು ತಪ್ಪಿಲ್ಲ. ಹಳದಿ ಬಟ್ಟೆಯನ್ನು ಮನೆಯವರು ಒಲೆಯ ಕಟ್ಟೆಗೆ ತೆಗೆದುಕೊಂಡಿದ್ದಾರೆ. ಭಾನುವಾರಕ್ಕೊಮ್ಮೆ ಎರಡು ಬಕೆಟ್ಟು ಇಟ್ಟುಕೊಂಡು ತೊಳೆಯುತ್ತೇವೆ, ಮಿಕ್ಕ ದಿನ ಧೂಳು ಕೂತರೆ ಕೂತಿರುತ್ತದೆ. ಛಾವಣಿಗೆ ಮೇಣ ಹಚ್ಚಿಸುವುದಕ್ಕೆ ಮಳೆಗಾಲ ಹಿಡಿಯುವ ಮುಂಚೆ ಬರಬೇಕೆಂದು ಹೇಳಿದ್ದಾನೆ. ಮುಂದಿನ ವಾರ ಹೋಗುತ್ತೇವೆ.